ಕೆಳಕೇರಿಯ ಪೈಪ್‌ಲೈನ್

ಹೊಳೆಹೊನ್ನೂರು ಹೋಬಳಿ
೧೮ ಮಾರ್ಚ್ ೨೦೨೫, ಮಂಗಳವಾರ

ಸಿರಿಗೆ, ನಿನ್ನ ಮಾವ ಭೈರಪ್ಪನ ಆಶೀರ್ವಾದ. ನನ್ನ ಆಶೀರ್ವಾದ ಬೇಡ ಅನ್ನಿಸಿದರೆ ಈ ಸಾಲು ಗೀಚಿ ಹಾಕು, ಮುಂದಿನದನ್ನಾದರೂ ಓದು.

ನನ್ನ ಫೋನು ನೀನು ಎತ್ತಲ್ಲ. ಸರಿಯಾಗೇ ಮಾಡ್ತಿದೀಯ. ಕಾಗದ ಬರೆದು ನಲವತ್ತು ವರ್ಷವಾಯ್ತು, ನಾಲ್ಕನೇ ಕ್ಲಾಸಿನ ಅಕ್ಷರ, ಕಷ್ಟಪಟ್ಟು ಓದಿಕೋ. ಅಂಚೆಗೆ ಹಾಕಿದರೆ ತಡ, ಬಸ್ಸಿನವರ ಕೈಲಿ ಕಳಿಸ್ತಿದೀನಿ. ಗುರುವಾರ ನಮ್ಮ ಕಡೆಯವರು ಎರಡು ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ನಿಮ್ಮಮ್ಮನ ಮನೆಗೆ ಬರ್ತಾರೆ. ಹೂವು, ಹಣ್ಣು, ಒಂದು ಸೀರೆ. ಗಂಡ ಹೆಂಡತಿ ಜಗಳಕ್ಕೆ ಪೊಲೀಸರು ಯಾಕಮ್ಮ, ದೂರು ವಾಪಸ್ ತಗೋ ಅಂತ ಶುರು ಮಾಡ್ತಾರೆ. ಹಣ್ಣಿನ ಬುಟ್ಟಿ ಜೊತೆ ಕಂಟ್ರಾಕ್ಟರ್ ವಸಂತನ ಲ್ಯಾಪ್‌ಟಾಪೂ ಬರ್ತದೆ, ಅಲ್ಲೇ ಬಿಲ್ಲಿಗೆ ನಿನ್ನ ಸಹಿ ಹಾಕಿಸೋಕೆ. ಶುಕ್ರವಾರ ಸ್ಟೇಷನ್ನಿನಲ್ಲಿ ನಿನ್ನ ಹೇಳಿಕೆ ಇದೆ. ಅಲ್ಲೀವರೆಗೆ ಬಾಗಿಲು ತೆಗೆಯಬೇಡ.

ಪಂಚಾಯ್ತಿ ಸೀಟು ಹೆಂಗಸರಿಗೆ ಮೀಸಲು ಬಂತು ಅಂತ ನಿನ್ನನ್ನು ನಿಲ್ಲಿಸಿದವನು ನಾನು. ಅಧ್ಯಕ್ಷೆ ನೀನು, ಪಂಚಾಯ್ತಿ ಕುರ್ಚಿಯಲ್ಲಿ ಕೂರುತ್ತಿದ್ದವನು ನಿನ್ನ ಗಂಡ, ನನ್ನ ಮಗ ದುಶ್ಯಂತ. ನಿನ್ನ ಡಿಜಿಟಲ್ ಸಹಿಯ ಡಾಂಗಲ್, ಕಂಪ್ಯೂಟರಿಗೆ ಚುಚ್ಚುವ ಆ ಬೆರಳುದ್ದದ ಕಡ್ಡಿ, ನನ್ನ ಅಂಗಿ ಜೇಬಿನಲ್ಲಿ ಬೀಡಿ ಕಟ್ಟಿನ ಜೊತೆ ಒಂದೂವರೆ ವರ್ಷ ಇತ್ತು. ಯಾರೂ ತಪ್ಪು ಅನ್ನಲಿಲ್ಲ. ಕೇಂದ್ರದಿಂದ ಹಣಕಾಸು ಆಯೋಗದ ದುಡ್ಡು ಬರ್ತದೆ, ಅರ್ಧಕ್ಕಿಂತ ಜಾಸ್ತಿ ನೀರಿಗೆ, ನೈರ್ಮಲ್ಯಕ್ಕೇ ಹೋಗಬೇಕು, ಗ್ರಾಮಸಭೆ ಮುಂದೆ ಕ್ರಿಯಾ ಯೋಜನೆ ಓದಬೇಕು, ಕೆಲಸದ ಫೋಟೋ ಕಂಪ್ಯೂಟರಿಗೆ ಏರಿಸಬೇಕು, ಪಿಡಿಒ ಸಹಿ, ಅಧ್ಯಕ್ಷರ ಸಹಿ ಎರಡೂ ಬಿದ್ದರೆ ಮಾತ್ರ ಬಿಲ್ಲು ಪಾಸು. ಇದೆಲ್ಲ ನೀನು ಊಟ ಬಡಿಸುತ್ತಾ ಹೇಳಿದೆ. ನಾನು ಸಾರಿಗೆ ಉಪ್ಪು ಕಡಿಮೆ ಅಂದೆ.

ಜನವರಿಯಲ್ಲಿ ನನ್ನ ಅಂಗಿ ಒಗೆಯೋಕೆ ಹಾಕಿದಾಗ ನೀನು ಡಾಂಗಲ್ ತೆಗೆದು ನಿನ್ನ ಹತ್ತಿರ ಇಟ್ಟುಕೊಂಡೆ. ವಾಪಸ್ ಕೇಳಿದರೆ, ಸಹಿ ನನ್ನದು ಮಾವ, ಜೈಲಿಗೆ ಹೋಗೋಳೂ ನಾನೇ ಅಂದೆ. ಆವತ್ತು ನನಗೆ ಮೈಯೆಲ್ಲ ಉರಿಯಿತು.

ಕಂಟ್ರಾಕ್ಟರ್ ವಸಂತ ಏನು ಮಾಡಿದ ಅಂತ ನಿನಗೆ ಗೊತ್ತೇ ಇದೆ. ಕೆಳಕೇರಿಯಲ್ಲಿ ಗುಂಡಿ ತೋಡಿ, ನೀರಿನ ಪೈಪು ಇಟ್ಟು ಫೋಟೋ ಹೊಡೆದ. ಅದೇ ಪೈಪು ಎತ್ತಿ ಟ್ರ್ಯಾಕ್ಟರಿಗೆ ಹಾಕಿಕೊಂಡು ಪಕ್ಕದ ಪಂಚಾಯ್ತಿಗೆ ಹೋದ. ಅಲ್ಲೂ ಫೋಟೋ. ಇಲ್ಲಿ ಬರೀ ಮಣ್ಣು ಮುಚ್ಚಿದರು. ನಮ್ಮ ಗದ್ದೆ ಕೆಲಸಕ್ಕೆ ಬರುವ ಈಶ್ವರಮ್ಮ, ಅವಳ ಮನೆ ಮುಂದೆಯೇ ಆ ಗುಂಡಿ, ನಿನಗೆ ಬಂದು ಹೇಳಿದಳು. ನೀನು ಸಹಿ ಹಾಕಲ್ಲ ಅಂದೆ. ಮಾರ್ಚ್ ಒಳಗೆ ಖರ್ಚು ತೋರಿಸದಿದ್ದರೆ ಮುಂದಿನ ಕಂತು ಬರಲ್ಲ ಅಂತ ವಸಂತ ದಿನಾ ನಮ್ಮ ಬಾಗಿಲಿಗೆ ಬಂದ. ನಾಳೆ ಸಹಿ ಆಗ್ತದೆ ಹೋಗು ಅಂತ ನಾನೂ ದಿನಾ ಮಾತು ಕೊಟ್ಟೆ.

ಆಮೇಲೆ ಆ ಶನಿವಾರ. ದುಶ್ಯಂತ ನಿನ್ನ ಕೈ ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲನ್ನು ಒದ್ದ. ಮೂರು ಬೆರಳು ಮುರಿದವು. ಸದ್ದು ಜಗಲಿಗೆ ಕೇಳಿಸಿತು. ಇನ್ನೊಂದು ಕೈಯ ಮುಷ್ಟಿಯಲ್ಲಿ ಡಾಂಗಲ್ ಇತ್ತು, ಅದನ್ನು ನೀನು ಬಿಚ್ಚಲಿಲ್ಲ. ನಾನು ಎದ್ದು ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು ಅಂತ ಊರಿಗೆಲ್ಲ ಹೇಳಿದೀನಿ.

ನಿನ್ನೆ, ಪೈಪೇ ಇಲ್ಲ ಅಂತ ನೀನು ಕೊಟ್ಟ ಅರ್ಜಿ ಮೇಲೆ ತಾಲೂಕಿನ ಸಾಹೇಬರು ಕೆಲಸ ನೋಡೋಕೆ ಬಂದರು. ಕೆಳಕೇರಿ ಹೆಂಗಸರೆಲ್ಲ ಗುದ್ದಲಿ ಹಿಡಿದು ನಿಂತಿದ್ದರು. ಈಶ್ವರಮ್ಮನೇ ಮೊದಲು ಇಳಿದು ಅಗೆದಳು. ಎರಡು ಮೊಳ ಹೋದರೂ ಪೈಪಿಲ್ಲ, ಹರಿದ ಚಪ್ಪಲಿ ಒಂದು ಸಿಕ್ಕಿತು. ಅದನ್ನೆತ್ತಿ ಹಿಡಿದು ವಸಂತನಿಗೆ ಕೇಳಿದಳು, ಇದಕ್ಕೆಷ್ಟು ಬಿಲ್ಲು ಹಾಕಿದೀಯ ಮಾರಾಯ? ಸಾಹೇಬರೂ ನಕ್ಕುಬಿಟ್ಟರು. ವಸಂತನಿಗೆ ಆ ನಗು ತಡೆಯೋಕಾಗಲಿಲ್ಲ. ಗುಂಡಿ ಅಂಚಿನಿಂದ ಅವಳ ಎದೆಗೆ ಒದ್ದ. ಬಿದ್ದವಳ ಮೇಲೆ ಹಾಕೋಕೆ ಸೈಜುಗಲ್ಲು ಎತ್ತಿದ.

ನಾನು ಪಕ್ಕದವಳ ಕೈಯಿಂದ ಗುದ್ದಲಿ ಕಿತ್ತುಕೊಂಡು ಅದರ ಮರದ ಕಾವಿನಿಂದ ಅವನ ಮೊಣಕೈಗೆ ಬಿಟ್ಟೆ. ಕಲ್ಲು ಅವನ ಪಾದದ ಮೇಲೇ ಬಿತ್ತು. ಹಂದಿ ಅರಚಿದ ಹಾಗೆ ಅರಚಿದ. ದುಶ್ಯಂತ ಓಡಿ ಬಂದು ನನ್ನ ಕತ್ತಿನ ಪಟ್ಟಿ ಹಿಡಿದು, ಹಣೆಗೆ ಹಣೆ ಗುದ್ದಿದ. ನಾನು ಅವನ ಬಾಯಿಗೆ ಹೊಡೆದೆ. ಒಂದಲ್ಲ, ಮೂರು ಸಲ. ಎರಡು ಹಲ್ಲು ಮಣ್ಣಿಗೆ ಬಿದ್ದವು. ಪಿಡಿಒ ನಿರಂಜನ ತಾಲೂಕಿನ ಸಾಹೇಬರ ಜೀಪಿನೊಳಗೆ ಕೂತು ಗಾಜು ಏರಿಸಿಕೊಂಡಿದ್ದ. ನನಗೆ ಹುಬ್ಬಿನ ಮೇಲೆ ಐದು ಹೊಲಿಗೆ. ಈಶ್ವರಮ್ಮನಿಗೆ ಪಕ್ಕೆಲುಬು ಬಿರುಕು ಬಿಟ್ಟಿದೆ, ಭದ್ರಾವತಿ ಆಸ್ಪತ್ರೆಯಲ್ಲಿದ್ದಾಳೆ. ಅಧ್ಯಕ್ಷರು ಸಹಿ ಹಾಕಿಲ್ಲ ತಾನೇ ಅಂತ ಅಲ್ಲಿಂದಲೇ ಕೇಳಿ ಕಳಿಸಿದಾಳೆ.

ನಿನ್ನೆ ಸಂಜೆಯಿಂದ ಊರವರು ನನ್ನನ್ನು ಹೊಗಳ್ತಿದಾರೆ. ಮುದುಕ ಸೊಸೆ ಪರ ನಿಂತ, ಮಗ ಅಂತಲೂ ನೋಡಲಿಲ್ಲ, ನ್ಯಾಯ ಅಂದರೆ ಭೈರಪ್ಪ ಅಂತ. ಚಹಾದಂಗಡಿಯವನು ದುಡ್ಡು ತಗೊಳ್ಳಲಿಲ್ಲ. ಅದಕ್ಕೇ ಕೂತು ಬರೀತಿದೀನಿ.

ನೀನು ಈ ಮನೆಗೆ ವಾಪಸ್ ಬಾ ಅಂತ ಕರೆಯೋಕೆ ನನಗೆ ಬಾಯಿಲ್ಲ. ಪಂಚಾಯ್ತಿಗೆ ಬಾ. ಬಸ್ಸಿನಲ್ಲೇ ಬಾ, ಕೆಳಕೇರಿಯವರು ಸ್ಟಾಪಿನಲ್ಲಿ ನಿಂತಿರ್ತಾರೆ.

ನಿನ್ನ ಮಾವ,
ಭೈರಪ್ಪ

ಇನ್ನೊಂದು ಮಾತು. ಸಹಿ ಹಾಕಿ ಆಮೇಲೆ ಬರೆಯೋಣ ಅಂತ ಬಿಟ್ಟಿದ್ದೆ. ಆ ಶನಿವಾರ ಬೆಳಿಗ್ಗೆ ಗದ್ದೆಯಲ್ಲಿ ದುಶ್ಯಂತನಿಗೆ, ಅವಳ ಬೆರಳು ಮುರಿದಾದರೂ ಡಾಂಗಲ್ ತಗೊಂಡು ಬಾ, ಇಲ್ಲದಿದ್ದರೆ ನನ್ನ ಮಗನೇ ಅಲ್ಲ ನೀನು, ಅಂದವನು ನಾನು. ನಿನ್ನೆ ನಾನು ಅವನ ಬಾಯಿಗೆ ಹೊಡೆದದ್ದು ನಿನಗೋಸ್ಕರವೂ ಅಲ್ಲ, ಈಶ್ವರಮ್ಮನಿಗೋಸ್ಕರವೂ ಅಲ್ಲ. ಅವನು ಅದನ್ನೇ ಎಲ್ಲರೆದುರು ಹೇಳೋಕೆ ಬಾಯಿ ತೆಗೆದಿದ್ದ. ನಿನ್ನ ದೂರಿನಲ್ಲಿ ನನ್ನ ಹೆಸರಿಲ್ಲವಂತೆ. ಶುಕ್ರವಾರ ಸೇರಿಸು. ಈ ಕಾಗದ ಪೊಲೀಸರ ಕೈಗೆ ಕೊಡು.