ಅಧ್ಯಕ್ಷರ ಮನೆಯ ಹೀಟ್ ಪಂಪ್

ನವೆಂಬರ್ ೧೪, ಗುರುವಾರ. ಡೆಲ್ಫ್‌ಝೈಲ್.

ಸಿಟ್ಟು ಇನ್ನೂ ಇಳಿದಿಲ್ಲ. ಊರವರ ಅಹವಾಲು ಸಭೆ. ಕಾಫಿ, ಜೊತೆಗೆ ತಲೆಗೊಂದೇ ಬಿಸ್ಕತ್ತು. ನಾನು ಬರೆದುಕೊಟ್ಟ ಭಾಷಣವನ್ನು ನಮ್ಮ ಹೈಡ್ರೋಜನ್ ಸಂಘದ ಅಧ್ಯಕ್ಷ ವೀಬ್ರೆನ್ ಮಡಚಿ ಜೇಬಿಗಿಟ್ಟ. ಅದರಲ್ಲಿದ್ದದ್ದು ಇಷ್ಟೇ: ಗಾಳಿ-ಬಿಸಿಲಿನ ಕರೆಂಟಿನಿಂದ ಮಾಡುವ ಹಸಿರು ಹೈಡ್ರೋಜನ್ ಇರುವುದೇ ಚೂರು, ಅದು ಮೊದಲು ಗೊಬ್ಬರದ ಕಾರ್ಖಾನೆಗೆ ಹೋಗಲಿ, ಅಲ್ಲಿ ಅದಿಲ್ಲದೆ ನಡೆಯದು. ಆದರೆ ದುಡ್ಡು ಕೊಟ್ಟು ಸಂಘವನ್ನು ಸಾಕುವ, ಮನೆ ಬೆಚ್ಚಗಿಡುವ ಬಾಯ್ಲರ್ ಮಾರುವ ಕಂಪನಿಯವರು ಎದುರಿಗೇ ಕೂತಿದ್ದರಲ್ಲ! "ನಿಮ್ಮ ಪ್ರತಿ ಮನೇನೂ ಹೈಡ್ರೋಜನ್ನಲ್ಲೇ ಬೆಚ್ಚಗಿಡ್ತೀವಿ" ಅಂದುಬಿಟ್ಟ.

ಮುಂದಿನ ಸಾಲಿನಿಂದ ಮುದುಕಿ ಹಿಲ್ಕೆಮಾ ಎದ್ದಳು. "ಅಲ್ಲಪ್ಪಾ, ನಿನ್ನ ಮನೇಲಿ ಏನಿಟ್ಕೊಂಡಿದೀಯ?"

ಅವನು ತಡವರಿಸಿದ. "ಹೀಟ್ ಪಂಪು... ಕರೆಂಟಲ್ಲೇ ಮನೆ ಬೆಚ್ಚಗಿಡೋದು."

"ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚೋ ಜನ ನೀವು, ಊರಿಗೆಲ್ಲಾ ಗ್ಯಾಸ್ ಕೊಡ್ತೀರಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಹೈಡ್ರೋಜನ್ ತಮಗೆ ಸಿಗುತ್ತದೆಂದು ಬಂದಿದ್ದ ಗೊಬ್ಬರದ ಕಾರ್ಖಾನೆಯವರು ಎದ್ದು ಹೋದರು.

ಹೊರಗೆ ಸೈಕಲ್ ಬೀಗ ತೆಗೆಯುತ್ತಾ ವೀಬ್ರೆನ್‌ಗೆ ಬೈದೇಬಿಟ್ಟೆ. "ಎಲ್ಲದಕ್ಕೂ ಹೈಡ್ರೋಜನ್ನೇ ಮದ್ದು ಅಂತ ಸಾರಿ ಸಾರಿ, ನಿಜವಾಗಿ ಬೇಕಾದ ಕಡೆಯೂ ಯಾರೂ ನಂಬದ ಹಾಗೆ ಮಾಡಿದ್ರಿ."

"ಮುಂದಿನ ಸಲ ಆ ಮುದುಕೀನ ಹಿಂದೆ ಕೂರಿಸು" ಅಂದ, ಅಷ್ಟೇ.

ಹಿಂದೆ ಕೂರಿಸಬೇಕಂತೆ! ನನ್ನ ಕೈಯಲ್ಲಿದ್ದಿದ್ದರೆ ನಾಳೆಯೇ ಅವನನ್ನು ಎಬ್ಬಿಸಿ, ಆ ಅಧ್ಯಕ್ಷರ ಕುರ್ಚಿಯಲ್ಲಿ ಅವಳನ್ನು ಕೂರಿಸುತ್ತಿದ್ದೆ.