ದತ್ತೂರಿ ತಿಂದ ಅಕ್ಕ

ಜೂನ್ ೧೦, ಸೋಮವಾರ

ಎರಡನೇ ಕ್ಲಾಸಿಗೆ ಮತ್ತೆ ಅದೇ ವಿಷದ ಗಿಡ-ಜಂತುಗಳ ಚಾರ್ಟ್. ದತ್ತೂರಿ, ಕಣಗಿಲೆ, ಹಾವು, ಚೇಳು. "ಇದನ್ನ ತಿನ್ನಬಾರದು" ಎಂದೆ. "ತಿನ್ನಬಾರದು ಮಿಸ್..." ಎಲ್ಲರೂ ರಾಗವಾಗಿ.

ಬೆಲ್ ಆದಮೇಲೆ ನೋಡಿದರೆ ಕಾಂಪೌಂಡಿನ ಮೂಲೆಯಲ್ಲಿ ಮೂವರು ಹುಡುಗಿಯರ ಅಡುಗೆ ಆಟ. ಎಲೆಯ ಮೇಲೆ ನಿಜವಾದ ದತ್ತೂರಿ ಕಾಯಿ, ಸೀಳಿ ಬೀಜ ಬಿಡಿಸಿದ್ದು! ಓಡಿಹೋಗಿ ಕಿತ್ತುಕೊಂಡೆ. ಸದ್ಯ, ಯಾರೂ ಬಾಯಿಗೆ ಹಾಕಿರಲಿಲ್ಲ. ಕೈ ತೊಳೆಸಿದೆ.

"ಚಾರ್ಟಲ್ಲಿರೋದು ಇದೇ ಅಲ್ವೇನ್ರೇ?"

"ಅದು ಚಿತ್ರ ಮಿಸ್. ಇದು ಬದನೆಕಾಯಿ."

ಜೂನ್ ೧೧

ಅಕ್ಕನಿಗೆ ಫೋನ್. ಚಿಕ್ಕವಳಿದ್ದಾಗ ಇದನ್ನೇ ತಿಂದವಳು. ಗೋಡೆಯ ಜೊತೆ ಹರಟಿದ್ದು, ಇಲ್ಲದ ಬೆಕ್ಕಿಗೆ ಹಾಲು ಹಾಕಲು ಹೊರಟಿದ್ದು — ನಮ್ಮನೆಯ ಹಳೇ ತಮಾಷೆ. ಅಮ್ಮ ಮಾತ್ರ ನಗುತ್ತಿರಲಿಲ್ಲ. ಎದ್ದು ಒಳಗೆ ಹೋಗುತ್ತಿದ್ದಳು. ಯಾಕೆಂದು ಕೇಳೋಣವೆಂದರೆ ಈಗ ಅಮ್ಮ ಇಲ್ಲ.

"ಕ್ಲಾಸಿಗೆ ಬಂದು ಹೇಳ್ತೀಯಾ?"

"ಮಕ್ಕಳ ಮುಂದೆ ನನ್ನ ಮಾನ ಹರಾಜು ಹಾಕ್ಬೇಕಾ?"

ಬರುತ್ತಾಳಂತೆ.

ಜೂನ್ ೧೪

ಅಕ್ಕ ಗೋಡೆಗೆ ಒರಗಿ ಹರಟೆ ಮಾಡಿ ತೋರಿಸಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದಿನ ಬೆಂಚಿನವಳು ಕೇಳಿದಳು, "ನಿಮ್ಮಮ್ಮ ಬೈದ್ರಾ?"

ಅಕ್ಕ ಗೋಡೆ ಬಿಟ್ಟು ಅವಳ ಬೆಂಚಿನ ಹತ್ತಿರ ಬಂದಳು. "ಇಲ್ಲ ಪುಟ್ಟಿ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಕೂತಿದ್ಲು. ನಾನು 'ನೀವ್ಯಾರು?' ಅಂದೆ. ಅಮ್ಮನ್ನೇ."

ನನಗೂ ಇದು ಗೊತ್ತಿರಲಿಲ್ಲ...

ಜುಲೈ ೨

ಅಡುಗೆ ಆಟದ ಹುಡುಗಿಯೊಬ್ಬಳ ತಾಯಿ ಗೇಟಿನಲ್ಲಿ ಕಾಯುತ್ತಿದ್ದರು. ಮೊನ್ನೆ ಪಾರ್ಕಿನಲ್ಲಿ ಅವಳ ಪುಟ್ಟ ತಮ್ಮ ಕಣಗಿಲೆ ಎಲೆ ಬಾಯಿಗಿಡಲು ಹೋದನಂತೆ. ಇವಳು ಫಟ್ಟನೆ ಕೈಗೆ ಹೊಡೆದು ಬೀಳಿಸಿ, "ಬೇಡ್ವೋ, ಅಮ್ಮನ್ನೇ ಮರ್ತುಬಿಡ್ತೀಯ!" ಎಂದು ಊರು ಒಂದಾಗುವಂತೆ ಕಿರುಚಿದಳಂತೆ.

ಗಿಡ ಬೇರೆ, ವಿಷ ಬೇರೆ. ಇರಲಿ. ಅಕ್ಕನಿಗೆ ಹೇಳಿದೆ. ಫೋನಿನಲ್ಲಿ ತುಂಬಾ ಹೊತ್ತು ಮೂಗು ಒರೆಸುವ ಸದ್ದು.

ಜುಲೈ ೫, ಬೆಳಿಗ್ಗೆ

ಇವತ್ತು ಚೇಳಿನ ಪಾಠ. ಅಕ್ಕ ನಿನ್ನೆಯೇ ಬಂದಿಳಿದಿದ್ದಾಳೆ, ಇದಕ್ಕೂ ಒಂದು ಕಥೆ ಇದೆಯಂತೆ.

"ನಿನಗೆ ಚೇಳು ಯಾವಾಗ ಕುಟುಕಿತ್ತು?" ಎಂದೆ.

"ನನಗಲ್ಲ ಕಣೇ, ನಿನಗೆ. ನೀನಿನ್ನೂ ಅಂಬೆಗಾಲಿಡ್ತಿದ್ದೆ."

ಇಷ್ಟು ವರ್ಷ ಯಾರೂ ಹೇಳಿಲ್ಲ! ಅಮ್ಮ ನನ್ನನ್ನು ಎತ್ತಿಕೊಂಡು ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದಳಂತೆ. ಓಡುತ್ತಲೇ ಹಾಡುತ್ತಿದ್ದಳಂತೆ. ಅಮ್ಮ — ಹಾಡು? ಅವಳು ಹಾಡಿದ್ದು ನನಗೆ ನೆನಪೇ ಇಲ್ಲ.

ಅಕ್ಕ ಒಳಗೆ ತಲೆ ಬಾಚುತ್ತಾ ಅದನ್ನೇ ಗುನುಗುತ್ತಿದ್ದಾಳೆ. ಅರೆ, ಈ ಹಾಡು ನನಗೆ ಗೊತ್ತು —