ಖಾಲಿ ಬಂದ ತಟ್ಟೆ

20-12-1962
ಇವತ್ತೂ ಆರ್.ಟಿ.ಓ. ಆಫೀಸು. ಪೆನ್ಶನ್ ಆದರೂ ಕಾಲು ಅತ್ತಲೇ ಎಳೆಯುತ್ತದೆ. ಆಗ ಹೆಡ್ ಕ್ಲರ್ಕು. ಈಗ ವಿಲ್ಲಿಯ ಬಸ್ ಕಂಪೆನಿಯ ಪರವಾಗಿ ಹೊರಗಿನ ಬೆಂಚು. ಬಿಜೈ ರೂಟಿನ ಪರ್ಮಿಟ್ ಫೈಲು ನೂರ್ ಮುಹಮ್ಮದನ ಮೇಜಿನಲ್ಲಿದೆ. ನಾನೇ ಕೆಲಸ ಕಲಿಸಿದವನು. ಕಂಡ ಕೂಡಲೇ ಎದ್ದು ನಿಂತ, ಚಾ ತರಿಸಿದ. ಫೈಲಿನ ಮಾತು ಮಾತ್ರ ಎತ್ತಲಿಲ್ಲ — ಘಾಟಿ!

24-12
ಹೆಂಡತಿ ನೆಲ್ಲಿಯ ಕುಸ್ವಾರ್, ಕ್ರಿಸ್ಮಸ್ ತಿಂಡಿಗಳು, ತಯಾರು — ನೆವ್ರಿ, ಕಿಡಿಯೊ, ಗುಳಿಯೊ. ಪ್ರತಿ ವರ್ಷ ಒಂದು ತಟ್ಟೆ ನೂರ್ ಮನೆಗೆ. ಈದ್‌ಗೆ ಅವರಿಂದ ನಮಗೆ.

ವಿಲ್ಲಿ ಬೆಳ್ಳಿ ತಟ್ಟೆ ಹಿಡಿದು ಬಂದ. "ಇದರಲ್ಲಿ ಕೊಡಿ ಸಾರ್. ತಟ್ಟೆ ವಾಪಸ್ ಬೇಡ."

ನೆಲ್ಲಿ ಮುಖ ಗಂಟಿಕ್ಕಿದಳು. "ನಮ್ಮ ಪಿಂಗಾಣಿ ತಟ್ಟೆಗೆ ಎಂತ ಆಗಿದೆ?"

"ಹಬ್ಬ ಅಲ್ವಾ ಮಾರಾಯ್ತಿ" ಎಂದೆ. ನಾನೇ ಒಯ್ದು ನೂರ್‌ನ ಹೆಂಡತಿ ಹವ್ವಮ್ಮನ ಕೈಗೆ ಕೊಟ್ಟೆ.

26-12
ಬೆಳ್ಳಿ ತಟ್ಟೆ ವಾಪಸ್. ತೊಳೆದದ್ದು, ಖಾಲಿ. ಒಂದು ಚಮಚ ಸಕ್ಕರೆಯೂ ಇಲ್ಲ! ನಮ್ಮೆರಡು ಮನೆಗಳ ನಡುವೆ ತಟ್ಟೆ ಖಾಲಿ ಬಂದದ್ದು ಇದೇ ಮೊದಲು. ಆಫೀಸಿನ ಜವಾನ ನೋಣಯ್ಯ ತಂದ. "ತಿಂಡಿ ಮಕ್ಕಳು ತಿಂದ್ರಂತೆ. ತಟ್ಟೆ ಯಾರದ್ದೋ ಅವರಿಗೇ ಕೊಡ್ಬೇಕಂತೆ."

ನೆಲ್ಲಿ ಅತ್ತಳು. ನನಗೆ ಮೈಯೆಲ್ಲ ಉರಿ. ಎಷ್ಟು ಸೊಕ್ಕು ಅವನಿಗೆ!

ಸಂಜೆ
ಸೊಕ್ಕಲ್ಲ. ಫೈಲಿನ ಕೆಲಸಕ್ಕೆ ಬರುವ ಪಾರ್ಟಿಯವರು ಕೊಟ್ಟ ಎಳನೀರನ್ನೂ ಮುಟ್ಟಬೇಡ ಎಂದು ಅವನಿಗೆ ಹೇಳಿಕೊಟ್ಟವನೇ ನಾನು. ಈಗ ಆ ಪಾರ್ಟಿ ನಾನೇ. ನಾಚಿಕೆಯಾಗುತ್ತದೆ.

14-1-1963
ತಟ್ಟೆ ವಿಲ್ಲಿಗೆ ಕೊಟ್ಟೆ. ಕೆಲಸವೂ ಬೇಡ ಎಂದೆ. "ಈಗ ಎಂತ ಹುಚ್ಚು ಸಾರ್ ಇದು?" ಎಂದ. ಬರುವಾಗ ನೂರ್ ಎದುರಾದ. ಕೈ ಮುಗಿದು ಮುಂದೆ ಹೋದ. ನಿಲ್ಲಲಿಲ್ಲ...

26-2
ಈದ್. ಮಧ್ಯಾಹ್ನವಾದರೂ ಅತ್ತಾವರದ ನೂರ್ ಮನೆಯಿಂದ ಯಾರೂ ಬಂದಿಲ್ಲ. ನೆಲ್ಲಿಗೆ ಗೇಟು ನೋಡುವುದೇ ಕೆಲಸ. ತಡೆಯಲಾಗಲಿಲ್ಲ. ನಮ್ಮ ಪಿಂಗಾಣಿ ತಟ್ಟೆ ಹಿಡಿದು ಹೊರಟೆ — ಖಾಲಿ. ಬಸ್ಸಿನಲ್ಲಿ ಕಂಡಕ್ಟರ್ ನಕ್ಕ.

ಹವ್ವಮ್ಮ ಬಾಗಿಲು ತೆರೆದಳು. "ಎಂತ ಪೊರ್ಬುಗಳೇ, ಖಾಲಿ ತಟ್ಟೆ?" ನಮ್ಮ ಕ್ರಿಸ್ತಾಂವರನ್ನು ಅವರು ಕರೆಯುವುದೇ ಹಾಗೆ.

"ಕುಸ್ವಾರ್ ಮುಗಿದಿದೆ. ವಿಲ್ಲಿಯ ಕೆಲಸವನ್ನೂ ಬಿಟ್ಟೆ. ಹಬ್ಬದ ತಿಂಡಿ ಉಂಟಾ?"

ಒಳಗಿಂದ ನೂರ್ ಬಂದ. ತಟ್ಟೆ ತೆಗೆದುಕೊಂಡ. ಅಂಚು ಒಡೆದ ಜಾಗವನ್ನು ಬೆರಳಿನಲ್ಲಿ ಸವರಿದ.

"ಸಾರ್‌ಗೆ ಊಟ ಬಡಿಸು. ಇದನ್ನು ನಾನೇ ತುಂಬಿಸ್ತೇನೆ."

ಪರ್ಮಿಟ್ ಏನಾಯಿತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಮ್ಮ ಗೇಟಿನಲ್ಲೇ ನೆಲ್ಲಿ ತಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡಿದಳು. ತುಂಬಿತ್ತು. ಆಮೇಲೆ ಅವಳು ಒಂದು ತುಂಡು ನನ್ನ ಬಾಯಿಗಿಟ್ಟು, ತಟ್ಟೆ ಎದೆಗೊತ್ತಿಕೊಂಡು ಒಳಗೆ ನಡೆದಳು.